ತಿರುವಿನಲ್ಲಿ ರೈಟ್ ರೈಟ್

ರೈಲ್ವೆ ಸ್ಟೇಷನ್ ಎದುರಿನ ವಸತಿಗೃಹ,
ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಟೀಚರಮ್ಮನಿಗೆ,

ಮೊದಲು ನಿನ್ನ ಕಾಲಿನ ಸಮಾಚಾರ ತಿಳಿಸು. ಪ್ಲಾಸ್ಟರಿನೊಳಗಿನ ತುರಿಕೆ ನಿಂತಿತೇ? ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ, ನೆನಪಿರಲಿ. ಮಗಳು ನೆಲ ಒರೆಸುವಾಗ ಕುರ್ಚಿಯಲ್ಲಿ ಕೂತು ಮೂಲೆ ಮೂಲೆಗೆ ಬೆರಳು ತೋರಿಸಬೇಡ, ಅವಳಿಗೂ ಕಣ್ಣಿದೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಇಲ್ಲಿಯ ಚಳಿಗೆ ಮಂಡಿ ಮೊದಮೊದಲು ಮುನಿಸಿಕೊಂಡಿತ್ತು, ಈಗ ರಾಜಿಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತನ್ನು ಪೂರ್ತಿ ಮುಗಿಸಲು ನೀನು ಎಂದಾದರೂ ಬಿಟ್ಟದ್ದುಂಟೇ? ಅದಕ್ಕೇ ಕಾಗದ. ಬರೆದು ಫೋಟೋ ತೆಗೆದು ಅಳಿಯಂದಿರ ಫೋನಿಗೆ ಕಳಿಸುತ್ತೇನೆ, ಅವರು ಅಚ್ಚು ಹಾಕಿಸಿ ನಿನ್ನ ಕೈಗೆ ಕೊಡುತ್ತಾರೆ. ನಡುವೆ ಬಾಯಿ ಹಾಕಲು ನಿನಗೆ ದಾರಿಯಿಲ್ಲ.

ಇಬ್ಬರೂ ಸೇರಿ ಬರಬೇಕಿದ್ದ ಈ ಪರದೇಶದ ಊರಿನಲ್ಲಿ ಒಬ್ಬನೇ ತಿರುಗುವುದು ಒಂಟಿ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ಹೊರಡುವ ವಾರವೇ ನೀನು ಮೆಟ್ಟಿಲು ತಪ್ಪಿ ಬಿದ್ದೆ, ನಾನೂ ಹೋಗುವುದಿಲ್ಲ ಎಂದರೆ ಕೇಳಲಿಲ್ಲ. ಮಕ್ಕಳು ತೆಗೆಸಿಕೊಟ್ಟ ಟಿಕೆಟ್ ಹಾಳಾಗಬಾರದು ಎಂದು ಬಾಯಲ್ಲಿ ಹೇಳಿದೆ, ನಿನ್ನ ಮನಸ್ಸಿನಲ್ಲಿದ್ದದ್ದು ಬೇರೆಯೇ ಅಂತ ನನಗೆ ಗೊತ್ತಿಲ್ಲವೇ. ನನ್ನ ಪೆಟ್ಟಿಗೆಯಲ್ಲಿ ಬನಿಯನ್ನುಗಳ ಕೆಳಗೆ ಸುವಾರ್ತೆಯ ಕರಪತ್ರಗಳನ್ನು ತುರುಕಿ, "ರೀ, ಒಬ್ಬರಿಗಾದ್ರೂ ಯೇಸುವಿನ ವಿಷಯ ಹೇಳದೆ ವಾಪಸ್ ಬರಬೇಡಿ" ಎಂದು ಅಪ್ಪಣೆ ಮಾಡಿದೆ. ನೀನೇನೋ ಸಂಡೇ ಸ್ಕೂಲಿನ ಟೀಚರು. ತರಕಾರಿ ತೂಗುವವನಿಗೂ, ಗ್ಯಾಸ್ ತರುವವನಿಗೂ, ಕೊನೆಗೆ ನಿನ್ನ ಕಾಲಿಗೆ ಪ್ಲಾಸ್ಟರು ಹಾಕಿದವರಿಗೂ ಹೇಳಿ ಬಂದವಳು. ನಾನು ಜನ್ಮವೆಲ್ಲ ಬಸ್ಸಿನಲ್ಲಿ ಅಪರಿಚಿತರೊಡನೆ ಗಂಟಲು ಹರಿದುಕೊಂಡವನಾದರೂ, ಈ ವಿಷಯ ಬಂದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಆದರೂ ಪ್ರಯತ್ನ ಮಾಡಲಿಲ್ಲವೆಂದು ತಿಳಿಯಬೇಡ. ಪಾರ್ಕಿನಲ್ಲಿ ನಾಯಿ ಹಿಡಿದುಕೊಂಡು ಕೂತಿದ್ದ ಒಬ್ಬ ಮುದುಕರ ಪಕ್ಕದಲ್ಲಿ ಕೂತೆ. ಮಾತನ್ನು ಭಾಷೆ ಬದಲಿಸಿ ಹೇಳುವ ಆ ವಿದ್ಯೆಯನ್ನು ಅಳಿಯಂದಿರು ನನ್ನ ಫೋನಿಗೆ ಹಾಕಿಕೊಟ್ಟಿದ್ದಾರಲ್ಲ, ಅದರ ಮುಂದೆ ಬಾಯಿಟ್ಟು, ನಮ್ಮ ಚರ್ಚಿನ ಅಯ್ಯನವರ ಧಾಟಿಯಲ್ಲಿ, "ಕರ್ತನು ನಿಮ್ಮನ್ನು ಕರೆಯುತ್ತಿದ್ದಾನೆ" ಎಂದೆ. ಫೋನು ಏನು ಹೇಳಿತೋ ದೇವರಿಗೇ ಗೊತ್ತು. ಆ ಮುದುಕರು ಗಡಿಬಿಡಿಯಿಂದ ತಮ್ಮ ಫೋನು ತೆಗೆದು ನೋಡಿ, ಯಾರೂ ಕರೆ ಮಾಡಿಲ್ಲವೆಂದು ನನಗೂ ತೋರಿಸಿ, ಪಾಪ, ಥ್ಯಾಂಕ್ಸ್ ಹೇಳಿ ಹೋದರು. ಇನ್ನೊಂದು ದಿನ ವಸತಿಗೃಹದ ಕೌಂಟರಿನ ಹುಡುಗಿಗೆ ಒಂದು ಕರಪತ್ರ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ರಿಯಾಯಿತಿ ಎಷ್ಟು?" ಎಂದು ಕೇಳಿದಳು. ಪೂರ್ತಿ ಉಚಿತವಮ್ಮ ಎಂದು ಹೇಳಬೇಕಿತ್ತು. ಕೋಣೆಗೆ ಬಂದು ಬೂಟು ಬಿಚ್ಚುವಾಗ ಆ ಉತ್ತರ ಹೊಳೆಯಿತು. ಅಷ್ಟರಲ್ಲಿ ಅವಳು ಅದನ್ನು ದೋಣಿ ವಿಹಾರದ ಜಾಹೀರಾತುಗಳ ನಡುವೆ ಚೆಂದವಾಗಿ ಜೋಡಿಸಿಟ್ಟಿದ್ದಳು.

ಇನ್ನು ನನ್ನ ಕೈಲಾಗದು ಎಂದು ಬಸ್ಸು ಹತ್ತಿದೆ. ಕಾಗೆ ಎಲ್ಲಿಗೆ ಹೋದರೂ ಕಪ್ಪೇ ಎಂದು ನಗಬೇಡ, ನನಗೆ ಇಲ್ಲಿ ಅರ್ಥವಾಗುವ ವಸ್ತು ಅದೊಂದೇ. ಇಲ್ಲಿ ಕಂಡಕ್ಟರೇ ಇಲ್ಲ. ಬಾಗಿಲ ಬಳಿ ಒಂದು ಡಬ್ಬಿಯಿದೆ, ಜನ ಕಾರ್ಡು ತಾಗಿಸಿದರೆ ಕೀಂ ಅನ್ನುತ್ತದೆ. ಚಿಲ್ಲರೆಗಾಗಿ ಜಗಳವಿಲ್ಲ, ಮುಂದೆ ಹೋಗಿ ಎಂಬ ಕೂಗಿಲ್ಲ. ನೋಡಿ ಹೊಟ್ಟೆ ಉರಿಯಿತು. ಮುಂದಿನ ಸೀಟಿನಲ್ಲಿ ಕೂತೆ. ಡ್ರೈವರು ಒಬ್ಬ ಹೆಣ್ಣುಮಗಳು, ನಮ್ಮ ಮಗಳ ವಾರಗೆಯವಳು. ಕೈ ಹದವಾದದ್ದು, ಬ್ರೇಕು ಹಾಕಿದರೆ ಮಡಿಲಲ್ಲಿರುವ ಮಗುವಿಗೂ ಎಚ್ಚರವಾಗದು. ಆದರೆ ಮಾರುಕಟ್ಟೆ ದಾಟಿದ ಮೇಲೆ ಒಂದು ತಿರುವು ಬರುತ್ತದೆ. ಅಲ್ಲಿ ಅವಳು ಬಸ್ಸನ್ನು ಹೆಚ್ಚು ಕಡಿಮೆ ನಿಲ್ಲಿಸಿಯೇಬಿಟ್ಟು, ತಳ್ಳುಗಾಡಿ ತಳ್ಳಿದಂತೆ ಮುಂದಕ್ಕೆ ಜರುಗಿಸಿದಳು. ಹಿಂದಿನ ಕಾರಿನವರು ಹಾರ್ನು ಬಾರಿಸಿದರು, ಒಳಗಿದ್ದವರು ಗೊಣಗಿದರು. ಡ್ರೈವರುಗಳ ಬೆನ್ನು ನೋಡುತ್ತಲೇ ಮುದುಕನಾದವನು ನಾನು. ಆ ಹೊತ್ತಿನಲ್ಲಿ ಅವಳ ಭುಜಗಳು ಕಿವಿಯ ತನಕ ಏರಿದ್ದವು. ಮರುದಿನ ಅದೇ ಬಸ್ಸಿಗೆ ಕಾದು ಹತ್ತಿದೆ. ಅದೇ ತಿರುವು, ಅದೇ ಭುಜ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ನಾನು ಇಳಿಯಲಿಲ್ಲ. ಅವಳು ಬುತ್ತಿ ಬಿಚ್ಚುತ್ತಾ, ದಾರಿ ತಪ್ಪಿದ್ದೀರಾ ಎಂದು ಕೇಳಿದಳು. ನಾನು ಕಂಡಕ್ಟರಾಗಿದ್ದವನು ಎಂದೆ. ಮುಖ ಅರಳಿ, ಬುತ್ತಿಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು. ಇಬ್ಬರದೂ ಹರುಕು ಇಂಗ್ಲಿಷು. ಅವಳು ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ನೀನು ಬಾಯಿಪಾಠ ಮಾಡಿಸಿ ಕಳಿಸಿದ ಪೀಠಿಕೆ ಗಂಟಲ ತನಕ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು, "ಆ ತಿರುವಲ್ಲಿ ಏನಾಯ್ತಮ್ಮಾ?" ಎಂಬ ಮಾತು.

ಅವಳು ಬುತ್ತಿಯ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು. ಕಳೆದ ಚಳಿಗಾಲದಲ್ಲಿ ಅಲ್ಲಿ ಒಬ್ಬ ವೃದ್ಧರು ಹಿಮದಲ್ಲಿ ಜಾರಿ ಬಸ್ಸಿನ ಮುಂದೆ ಬಿದ್ದರಂತೆ. ಬ್ರೇಕು ಹಿಡಿದರೂ ಬಸ್ಸು ನಿಲ್ಲಲಿಲ್ಲ. ಅವರು ಉಳಿಯಲಿಲ್ಲ. ವಿಚಾರಣೆಯಲ್ಲಿ ಅವಳ ತಪ್ಪಿಲ್ಲವೆಂದು ತೀರ್ಮಾನವಾಗಿ ಈಗಷ್ಟೇ ಕೆಲಸಕ್ಕೆ ಮರಳಿದ್ದಾಳೆ. "ಎಲ್ರೂ ಮರೆತುಬಿಡು ಅಂತಾರೆ. ನನ್ನ ಕಾಲು ಮರೀತಿಲ್ಲ, ಬ್ರೇಕ್ ಮೇಲಿಂದ ಏಳೋದೇ ಇಲ್ಲ" ಎಂದಳು.

ನನಗೆ ಏನು ನೆನಪಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಓಡುತ್ತಿದ್ದ ನಮ್ಮ ಬಸ್ಸಿನಿಂದ ಆ ಕಾಲೇಜು ಹುಡುಗ ಹಾರಿ ಹಿಂದಿನ ಗಾಲಿಗೆ ಸಿಕ್ಕ ವರ್ಷ. ಸೀಟಿ ಬಾಯಿಗಿಟ್ಟರೆ ಉಸಿರೇ ಹೊರಡುತ್ತಿರಲಿಲ್ಲ. ಆಗಿನ್ನೂ ನಾನು ಚರ್ಚಿಗೆ ನಿನ್ನನ್ನು ಬಿಟ್ಟು ಹೊರಗೆ ಕಾಯುವ ಗಿರಾಕಿ. ಇದನ್ನೆಲ್ಲ ಡ್ರೈವರಮ್ಮನಿಗೆ ಹೇಳಿದೆ. ನೀನು ದಿನಾ ಬೆಳಿಗ್ಗೆ ಟಿಕೆಟ್ ತಗೊಂಡು ನನ್ನ ಬಸ್ಸಿಗೆ ಹತ್ತಿ, ಯಾವ ಬೋಧನೆಯೂ ಇಲ್ಲದೆ, ಕೊನೆಯ ಸ್ಟಾಪಿನ ತನಕ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದದ್ದನ್ನು ಹೇಳಿದೆ. ನಿನ್ನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಯಾರೊಡನೆ ಮಾತಾಡ್ತೀಯೆ ಎಂದು ಒಂದು ದಿನ ನಾನು ಕೇಳಿದ್ದಕ್ಕೆ ನೀನು, "ನಿಮ್ಮ ಬಸ್ಸಲ್ಲಿ ಇನ್ನೊಬ್ರಿದ್ದಾರೆ, ಅವರ ಜೊತೆ" ಎಂದಿದ್ದೆ. "ಅವತ್ತಿಂದ ಯೇಸುವನ್ನ ನಂಬ್ತೀನಮ್ಮಾ. ನಡುದಾರೀಲಿ ಇಳಿದು ಹೋಗೋನಲ್ಲ ಅವನು" ಎಂದೆ ಡ್ರೈವರಮ್ಮನಿಗೆ. ನಾಲಿಗೆ ಎಲ್ಲಿಯೂ ಅಂಟಿಕೊಳ್ಳಲಿಲ್ಲ, ನೋಡು.

ಅವಳು ಸುಲಭದ ಪ್ರಶ್ನೆ ಕೇಳಲಿಲ್ಲ. "ಆ ಅಜ್ಜನ ಲೆಕ್ಕ ನಿಮ್ಮ ಯೇಸು ನನ್ನ ಕೇಳ್ತಾನಾ?" ಎಂದಳು. ಅಯ್ಯನವರಿದ್ದಿದ್ದರೆ ವಚನ ತೆಗೆದು ಉತ್ತರ ಕೊಡುತ್ತಿದ್ದರು. ನಾನು ನನಗೆ ತಿಳಿದಷ್ಟನ್ನೇ ಹೇಳಿದೆ. "ಅವನು ಅವತ್ತು ಅಲ್ಲೇ ಇದ್ನಮ್ಮಾ. ನಿನ್ನ ಕಾಲು ಬ್ರೇಕ್ ಮೇಲಿದ್ದದ್ದು ಅವನಿಗೆ ಗೊತ್ತು. ಆ ಅಜ್ಜನನ್ನ ಎತ್ಕೊಂಡೋನೂ ಅವನೇ." ಸರಿಯೋ ತಪ್ಪೋ ಬಂದ ಮೇಲೆ ನೀನು ತಿದ್ದು. ಅವಳು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. ಆಮೇಲೆ ಪ್ರಾರ್ಥಿಸಲಾ ಎಂದು ಕೇಳಿದೆ, ಹೂಂ ಎಂದಳು. ನನ್ನ ಇಂಗ್ಲಿಷು ದೇವರ ತನಕ ಮುಟ್ಟುವಂಥದ್ದಲ್ಲ, ಕನ್ನಡದಲ್ಲೇ ಪ್ರಾರ್ಥಿಸಿದೆ, ಬಾಯಿಬಿಟ್ಟು, ಅಷ್ಟು ದೊಡ್ಡ ಖಾಲಿ ಬಸ್ಸಿನಲ್ಲಿ. ಏನಂದಿರಿ ಎಂದು ಕೇಳಿದಳು. ಈ ಮಗಳ ಕಾಲಿಗೆ ಧೈರ್ಯ ಕೊಡಪ್ಪಾ ಅಂದೆ ಎಂದೆ. ಕಣ್ಣೊರೆಸಿಕೊಂಡು ನಕ್ಕಳು.

ವಾಪಸ್ ಬರುವಾಗ ಜನ ತುಂಬಿದ್ದರು. ಡ್ರೈವರ ಪಕ್ಕ ನಿಲ್ಲಬಾರದೆಂದು ಚಿತ್ರ ಸಮೇತ ಬೋರ್ಡು ಹಾಕಿದ್ದರೂ ಹೋಗಿ ನಿಂತೆ. ಕಾನೂನು ಮುರಿದದ್ದಕ್ಕೆ ಕ್ಷಮೆಯಿರಲಿ. ತಿರುವು ಬಂತು, ಭುಜ ಮೇಲೇರಿತು. ನಾನು ರಸ್ತೆಯ ಆಚೆ ಈಚೆ ಬಗ್ಗಿ ನೋಡಿ, ಹಳೇ ಗಂಟಲಿನಲ್ಲಿ, "ರೈಟ್, ರೈಟ್, ರೈಟ್" ಎಂದೆ. ಬಸ್ಸಿಗೆ ಬಸ್ಸೇ ತಲೆಯೆತ್ತಿ ನೋಡಿತು. ಡ್ರೈವರಮ್ಮ ಒಮ್ಮೆ ನನ್ನ ಕಡೆ ನೋಡಿ ಗಾಡಿಯನ್ನು ಎಲ್ಲರಂತೆ ತಿರುಗಿಸಿದಳು. ಯಾರೂ ಹಾರ್ನು ಬಾರಿಸಲಿಲ್ಲ. ಮುಂದಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಇಳಿಯುವಾಗ ತಾವೂ "ರೈಟ್" ಎಂದು ನನಗೆ ಕೈ ಬೀಸಿದರು.

ಅವಳಿಗೆ ಕರಪತ್ರ ಕೊಡಲಿಲ್ಲ. ದೀಕ್ಷಾಸ್ನಾನದ ಮಾತೂ ಎತ್ತಲಿಲ್ಲ, ಅದನ್ನು ಈಗಲೇ ಕೇಳಬೇಡ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಅಯ್ಯನವರಿಗೆ ನಮಸ್ಕಾರ. ನಿನ್ನ ಸಂಡೇ ಸ್ಕೂಲಿನ ಚಿಳ್ಳೆಪಿಳ್ಳೆಗಳಿಗೆ ಮಿಠಾಯಿ ತರುತ್ತಿದ್ದೇನೆ ಎನ್ನು. ಕರ್ತನು ನಿನ್ನ ಕಾಲನ್ನೂ ನಾಲಿಗೆಯನ್ನೂ ಕಾಪಾಡಲಿ.

ಇಂತಿ ನಿನ್ನ,
ಕಂಡಕ್ಟರು

ಮರೆತಿದ್ದೆ, ಇದನ್ನು ಹೇಳಲೆಂದೇ ಕಾಗದ ಶುರುಮಾಡಿದ್ದು: ಶನಿವಾರ ವಿಮಾನ ನಿಲ್ದಾಣಕ್ಕೆ ಅಳಿಯಂದಿರನ್ನು ಕಳಿಸಬೇಡ, ಟಿಕೆಟ್ಟನ್ನು ಸೋಮವಾರಕ್ಕೆ ಹಾಕಿಸಿಕೊಂಡಿದ್ದೇನೆ. ತೀರಿಕೊಂಡ ಆ ಅಜ್ಜರ ಹೆಂಡತಿ ತಿರುವಿನ ಹಿಂದಿನ ಬೀದಿಯ ಚರ್ಚಿಗೆ ಪ್ರತಿ ಭಾನುವಾರ ಬರುತ್ತಾರಂತೆ. ಡ್ರೈವರಮ್ಮ ಅವರನ್ನು ಕಾಣಬೇಕೆಂದು ಚಳಿಗಾಲದಿಂದಲೂ ಒದ್ದಾಡಿದ್ದಾಳೆ, ಗೇಟಿನ ತನಕ ಹೋಗಿ ಹಿಂದಿರುಗಿದ್ದಾಳೆ. ಇವತ್ತು ಬೆಳಿಗ್ಗೆ, ನೀವು ಜೊತೆಗೆ ಬಂದರೆ ಒಳಗೆ ಬರುತ್ತೇನೆ ಎಂದಳು. ಬರುತ್ತೇನೆ ಎಂದುಬಿಟ್ಟೆ. ಆ ತಾಯಿ ಏನನ್ನುತ್ತಾರೋ ಗೊತ್ತಿಲ್ಲ. ಭಾನುವಾರ ನಮ್ಮ ಮೂವರಿಗಾಗಿ ಪ್ರಾರ್ಥಿಸು. ಬೈಯುವುದನ್ನು ಸೋಮವಾರಕ್ಕೆ ಇಟ್ಟುಕೋ.