ಎಮ್ಮೆಯ ಭಾನುವಾರದ ಓಟ

ಮಾರ್ಚ್ 3, ಭಾನುವಾರ. ಮಧ್ಯಾಹ್ನ

ಗಾಡಿಯ ಮೀಟರಿನಲ್ಲಿ ಮತ್ತೆ ಹಳದಿ ದೀಪ. ವಾರವೆಲ್ಲ ಹಲ್ಲು ಕಟ್ಟುವ ಲ್ಯಾಬ್‌ಗೆ ಹೋಗಿ ಬಂದದ್ದಷ್ಟೇ — ಎರಡು ಕಿಲೋಮೀಟರ್ ಹೋಗುವುದು, ಎರಡು ಬರುವುದು. ಡೀಸೆಲ್ ಗಾಡಿಗೆ ಅದು ಸಾಲದಂತೆ. ಹೊಗೆ ಕೊಳವೆಯೊಳಗಿನ ಜಾಲರಿಗೆ ಮಸಿ ಕಟ್ಟುತ್ತದೆ, ಆಗ ಈ ದೀಪ. ಹೈವೇಯಲ್ಲಿ ನಲವತ್ತು ನಿಮಿಷ ಒಂದೇ ಸಮ ಓಡಿಸಿದರೆ ಕಾದು ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಒಂದು ಸಲ ಹೇಳಿದ್ದು. ತಮ್ಮ ದಿನಕ್ಕೆ ಮೂರು ಸಲ ಹೇಳುತ್ತಾನೆ.

ಸೆಕೆಂಡ್‌ಹ್ಯಾಂಡ್ ಗಾಡಿ. ನಾಲ್ಕೂ ಚಕ್ರ ಎಳೆಯುತ್ತವೆ, ಹಿಂದೆ ಒಂದು ಕೋಣೆಯಷ್ಟು ಜಾಗ. ನಮ್ಮ ಓಣಿಯ ಕೆಸರಿನ ಏರು ನೋಡಿ ಅವನೇ ಆರಿಸಿ ತಂದದ್ದು. ಇಟ್ಟ ಹೆಸರು ಎಮ್ಮೆ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು... ಈಗ ಲಿವರ್‌ನಲ್ಲಿ ಗಡ್ಡೆ, ಮಾತ್ರೆಯ ಮಂಪರು, ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಓಡಿಸುವವಳು ನಾನು. ಪಕ್ಕದಲ್ಲಿ ಕೂತು ಬೈಯುವವನು ಅವನು.

ಅರ್ಧ ದಾರಿಯಲ್ಲಿ ಟೀ ಕುಡಿಯೋಣ ಅಂತ ನಿಲ್ಲಿಸಿದೆ.

"ಅರ್ಧಕ್ಕೆ ನಿಲ್ಲಿಸಬಾರ್ದು ಅಕ್ಕ. ಸುಡೋದು ನಿಂತುಹೋಗತ್ತೆ. ಮತ್ತೆ ಮೊದ್ಲಿಂದ ಓಡಿಸ್ಬೇಕು."

"ನಿನಗೆ ಬಾಯಿ ಒಣಗಿತ್ತಲ್ಲೋ."

"ನಂಗೆ ಒಣಗಿದ್ರೆ ಎಮ್ಮೆಗೇನು?"

ಮತ್ತೆ ಮೊದಲಿನಿಂದ ಓಡಿಸಿದೆ. ಕೊನೆಗೆ ಮಸಿ ಸುಟ್ಟು ಕಾದ ಕಬ್ಬಿಣದ ವಾಸನೆ. ದೀಪ ಆರಿತು. ಅವನ ಮುಖ ನೋಡಬೇಕಿತ್ತು — ಬಸ್ಸನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನ ಹಾಗೆ.

ಮಾರ್ಚ್ 17, ಭಾನುವಾರ

ಐದು ದಿನದಿಂದ ಹಾಸಿಗೆ ಬಿಟ್ಟಿರಲಿಲ್ಲ. ಗೋಡೆ ಕಡೆ ಮುಖ. ಎದ್ದಷ್ಟೂ ಒಳ್ಳೆಯದು ಅಂತ ಡಾಕ್ಟರ್ ಹೇಳಿ ಕೈ ತೊಳೆದುಕೊಂಡರು. ಎಬ್ಬಿಸುವವರು ಯಾರು? ಊಟಕ್ಕೆ ಏಳಲಿಲ್ಲ. ಸ್ನಾನಕ್ಕೆ ಏಳಲಿಲ್ಲ. ಬೈದು ನೋಡಿದೆ, ಅತ್ತು ನೋಡಿದೆ.

ಕೊನೆಗೆ ಬಾಗಿಲಲ್ಲಿ ನಿಂತು ಅಂದೆ, "ದೀಪ ಬಂದಿದೆ ಕಣೋ."

ಹೊದಿಕೆ ಅಲುಗಾಡಿತು.

"ಯಾವಾಗಿಂದ?"

"ನಿನ್ನೆಯಿಂದ."

"ನಿನ್ನೇನೇ ಹೇಳಕ್ಕೇನಾಗಿತ್ತು ನಿಂಗೆ? ಪ್ಯಾಂಟ್ ಕೊಡು."

ದೀಪ ಬಂದಿರಲಿಲ್ಲ. ಹಸಿ ಸುಳ್ಳು. ಅವನ ಸೀಟಿಗೆ ಅದು ಕಾಣುವುದಿಲ್ಲ, ಸ್ಟೀರಿಂಗ್ ಅಡ್ಡ. ನಲವತ್ತು ನಿಮಿಷ ನನ್ನ ಗೇರಿಗೆ, ಕ್ಲಚ್ಚಿಗೆ, ಬುದ್ಧಿಗೆ ಬೈದ. ಎಷ್ಟು ದಿನವಾಗಿತ್ತು ಬೈಸಿಕೊಂಡು. ಕಣ್ಣು ತುಂಬಿ ಗಾಡಿ ಅಂಚಿಗೆ ಹೋಯಿತು. ಅದಕ್ಕೆ ಇನ್ನೆರಡು ಬೈಗುಳ.

ಮಾರ್ಚ್ 31, ಭಾನುವಾರ

ಈಗ ವಾರವಾರವೂ ದೀಪ ಬರುತ್ತದೆ — ನನ್ನ ಬಾಯಲ್ಲಿ. ಇವತ್ತು ನಾನು ಹೇಳುವ ಮೊದಲೇ ಗಡ್ಡ ಬೋಳಿಸಿಕೊಂಡು ಕೂತಿದ್ದ. ಅಂಗಿ ಅವನ ಮೇಲೆ ಒಣಗಹಾಕಿದ ಹಾಗಿತ್ತು.

ಏಪ್ರಿಲ್ 10, ಬುಧವಾರ

ಒಬ್ಬ ಹಿರಿಯರ ಕಟ್ಟುಹಲ್ಲು, ಮೇಲಿನ ಸಾಲು. ಮೇಣದಲ್ಲಿ ಎಡಗಡೆಯ ಎರಡು ಹಲ್ಲನ್ನು ಬಲಗಡೆ ಕೂರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಲ್ಯಾಬ್ ಮಾಲೀಕರು ನೋಡಿದರು, ತಾವೇ ತೆಗೆದು ಸರಿಯಾಗಿ ಕೂರಿಸಿದರು. ಅದಕ್ಕೇ ಅಳು ಬಂತು. ಬೆಳಿಗ್ಗೆ ಡಾಕ್ಟರ್ ಫೋನ್ ಮಾಡಿದ್ದರು. ಇನ್ನು ತಿಂಗಳುಗಳ ಮಾತಿಲ್ಲವಂತೆ.

ಏಪ್ರಿಲ್ 14, ಭಾನುವಾರ

ಕೂರಲು ಆಗುವುದಿಲ್ಲ. ಜ್ವರ ಬೇರೆ. ಬಿಡಬಹುದಿತ್ತು. ಬಿಡಲಿಲ್ಲ. ಈ ವಾರ ಮಲಗಿದರೆ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆ, ನನ್ನದು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದೆ. ಮೆಕ್ಯಾನಿಕ್ ಬಂದು ಎತ್ತಿ ಮಲಗಿಸಿದ.

"ಎಮ್ಮೆ ಹೊಟ್ಟೇಲಿ ಕರು," ಅಂದ ತಮ್ಮ.

ಮಲಗಿದವನಿಗೆ ರಸ್ತೆ ಕಾಣದು. ಆದರೂ ಹೇಳುತ್ತಲೇ ಇದ್ದ — "ಸೇತುವೆ ಬಂತು... ಈಗ ಏರು... ಫೋರ್ತ್ ಗೇರ್‌ಗೆ ಇಳಿಸು."

ಮನೆ ಮುಂದೆ ಎಂಜಿನ್ ಆಫ್ ಮಾಡಿದೆ. ಹಿಂದಿನಿಂದ ಅವನ ದನಿ.

"ಇವತ್ತು ವಾಸನೆ ಬರ್ಲಿಲ್ಲ."

"ನಿನ್ನ ಮೂಗು ಕಟ್ಟಿದೆ ಕಣೋ."

"ಹೋದ ವಾರಾನೂ ಕಟ್ಟಿತ್ತಾ? ಅದರ ಹಿಂದಿನ ವಾರ?"

ತಿರುಗಿ ನೋಡುವ ಧೈರ್ಯ ಆಗಲಿಲ್ಲ.

"ಮುಂದಿನ ವಾರಾನೂ ಹೇಳಕ್ಕ. ದೀಪ ಬಂದಿದೆ ಅಂತ."

ಏಪ್ರಿಲ್ 18, ಗುರುವಾರ

ಬೆಳಿಗ್ಗೆ ಆರೂ ಹತ್ತಕ್ಕೆ. ಹೋದ.

ಮೇ 20, ಸೋಮವಾರ

ಲ್ಯಾಬ್‌ಗೆ ಹೋಗಿ ಬಂದೆ. ಎರಡು, ಎರಡು.

ನಿನ್ನೆ ಚಿಕ್ಕಮ್ಮ ಬಂದಿದ್ದರು. "ಜ್ವರದಲ್ಲಿ ಅವನನ್ನ ಎಳ್ಕೊಂಡು ಹೋಗಬಾರದಿತ್ತಮ್ಮ. ಇನ್ನೆರಡು ವಾರ ಇರ್ತಿದ್ನೇನೋ. ಆ ಗಾಡಿ ಮಾರಿಬಿಡು." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೂ ಹಾಗೇ ಅನ್ನಿಸುತ್ತದೆ. ಊಟಕ್ಕೆ ಕೂತಾಗ ಅನ್ನಿಸುತ್ತದೆ, ಮೇಣ ಕರಗಿಸುವಾಗ ಅನ್ನಿಸುತ್ತದೆ. ಮುಂದಿನ ವಾರಾನೂ ಹೇಳು ಅಂದವನು ಅವನೇ ಅಲ್ಲವೇ, ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಅರ್ಧ ಗಂಟೆ ತಡೆಯುತ್ತದೆ ಆ ಸಮಾಧಾನ.

ಮೇ 31, ಶುಕ್ರವಾರ

ದೀಪ ಬಂದಿದೆ. ನಿಜವಾದದ್ದು.

"ಇನ್ನೂ ಬಿಟ್ರೆ ಜಾಲರಿ ಪೂರ್ತಿ ಕಟ್ಕೊಳ್ಳತ್ತೆ ಮೇಡಂ. ಬೇಕಾದ್ರೆ ನಾನೇ ಒಂದು ರೌಂಡ್ ಓಡಿಸ್ಕೊಂಡು ಬರ್ತೀನಿ," ಅಂದ ಮೆಕ್ಯಾನಿಕ್.

ಬೇಡ ಅಂದೆ.

ಜೂನ್ 2, ಭಾನುವಾರ. ಬೆಳಿಗ್ಗೆ 8:40

ಹೊರಡುವ ಮುಂಚೆ ಅವನ ಕೋಣೆಯ ಬಾಗಿಲಲ್ಲಿ ನಿಂತೆ. ಹಾಸಿಗೆ ಸುತ್ತಿಟ್ಟಿದೆ. "ದೀಪ ಬಂದಿದೆ ಕಣೋ," ಅಂದೆ. ಗಟ್ಟಿಯಾಗಿಯೇ ಅಂದೆ.

ಹೋಗಿ ಬಂದು ಬರೆಯಬೇಕೆಂದಿದ್ದೆ. ಆಗಲಿಲ್ಲ. ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಸೇತುವೆ ದಾಟಿ ಏರು ಶುರುವಾಯಿತು. ಫೋರ್ತ್‌ಗೆ ಇಳಿಸುವುದು ಮರೆತೆ. ಯಾರೂ ಏನೂ ಅನ್ನಲಿಲ್ಲ. ವಾಸನೆ ಆಗಷ್ಟೇ ಬರತೊಡಗಿತ್ತು. ದೀಪ ಆರುವ ಮೊದಲೇ ಅಂಚಿಗೆ ಹಾಕಿ ಎಂಜಿನ್ ಆಫ್ ಮಾಡಿಬಿಟ್ಟೆ. ಹಿಂದಿನಿಂದ ಬೈಗುಳ ಬರಲಿ ಅಂತ ಕಾದೆ.

ಅರ್ಧಕ್ಕೆ ನಿಲ್ಲಿಸಬಾರದು. ಗೊತ್ತು ಕಣೋ, ಗೊತ್ತು. ಮತ್ತೆ ಮೊದಲಿನಿಂದ —