ನೆತ್ತಿಗಿಂತ ಸ್ವಲ್ಪ ಕೆಳಗೆ

ಮೇ ೧೪, ಕಾಂಚನಜುಂಗಾದ ಬುಡ, ಡೇರೆಯೊಳಗಿಂದ

ಅಕ್ಕಾ,

ನಾಳೆ ಹತ್ತಲು ಹೊರಡುತ್ತೇವೆ. ಹಗ್ಗ ಕಟ್ಟಿಕೊಂಡು ಮುಂದೆ ನಡೆಯುವ ಕೆಲಸ ಮೊದಲ ಬಾರಿಗೆ ನನ್ನದು. ಆದರೆ ನನ್ನ ಹಿಂದೆ ಬರುವ ವಿದೇಶಿ ಅತಿಥಿಗೆ ಶಿಖರದ ನೆತ್ತಿಯ ಮೇಲೇ ನಿಲ್ಲಬೇಕೆಂಬ ಹಟ. ೧೯೫೫ರಲ್ಲಿ ಮೊದಲು ಹತ್ತಿದವರೂ ನಮ್ಮ ಬೆಟ್ಟದೇವರ ನೆತ್ತಿ ತುಳಿಯದೆ ಸ್ವಲ್ಪ ಕೆಳಗೇ ನಿಂತರೆಂದು ಹೇಳಿದೆ.

"ಅಲ್ಲಿ ಯಾರು ನೋಡ್ತಾರೆ?" ಎಂದ.

ಉರ್ಗೆನ್ ಮಾವ ಚಹಾ ಬಗ್ಗಿಸುತ್ತ, "ಯಾರೂ ನೋಡ್ದೆ ಇದ್ರೆ ಮಲಗಿರೋ ನಿಮ್ಮಜ್ಜಿ ತಲೆ ಮೇಲೆ ಹತ್ತಿ ನಿಲ್ತೀಯೇನಪ್ಪಾ?" ಎಂದರು. ಅವನೂ ನಕ್ಕ, ಆದರೆ ಒಪ್ಪಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು.

ಒಂದು ನಿರ್ಧಾರ ಮಾಡಿದ್ದೇನೆ. ನಿಲ್ಲಬೇಕಾದ ಜಾಗ ಬಂದಾಗ ದಾರಿಗೆ ಅಡ್ಡವಾಗಿ ಕುಳಿತುಬಿಡುತ್ತೇನೆ. ಒಂದೇ ಹಗ್ಗದಲ್ಲಿರುವವನು ನನ್ನನ್ನು ದಾಟಿ ಹೋಗಲಾರ. ಮಾವನಿಗೂ ಇದನ್ನಿನ್ನೂ ಹೇಳಿಲ್ಲ.

ನಿನ್ನ ಛೋಕಿ