ಗ್ಲೆಂಡಾ ಮನೆಯ ನೀರು

ಏಪ್ರಿಲ್ 9, ಮಂಗಳವಾರ

ಇವತ್ತು ನಾಲ್ಕು ಬಾವಿಯ ನೀರು ಟೆಸ್ಟಿಗೆ ಹಿಡಿದೆ. ಬೆಳಿಗ್ಗೆಯಿಂದ ಹಿಮ ಬೆರೆತ ಮಳೆ. ಮೇನ್ ರಾಜ್ಯದ ಏಪ್ರಿಲ್ ಇಷ್ಟೇ. ರೇನ್‌ಕೋಟ್ ಹಾಕುವಂತಿಲ್ಲ — ನಾವು ನೀರಲ್ಲಿ ಹುಡುಕುವ ಪಿಎಫ್‌ಎಎಸ್ ಎಂಬ ವಿಷ ರಾಸಾಯನಿಕ ಆ ಕೋಟಿನಲ್ಲೂ ಇರಬಹುದು. ಆರು ಸಲ ಒಗೆದ ಹಳೇ ಹತ್ತಿ ಅಂಗಿ, ನೆನೆದು ತೊಪ್ಪೆ. ಕೈಗೆ ಕ್ರೀಮೂ ಹಚ್ಚುವಂತಿಲ್ಲ. ಐವತ್ತೇಳನೇ ವಯಸ್ಸಿಗೆ ಇದೆಲ್ಲ ಬೇಕಿತ್ತಾ ನನಗೆ.

ಕೊನೆಯದು ಗ್ಲೆಂಡಾ ಮನೆ. ಶಾಲೆಯಲ್ಲಿ ನನಗಿಂತ ಎರಡು ಕ್ಲಾಸ್ ಕೆಳಗಿದ್ದಳು. ಅರವತ್ತು ಹಸು. ಅವಳ ಮಾವ ಮೂವತ್ತು ವರ್ಷದ ಹಿಂದೆ ಪಟ್ಟಣದ ಚರಂಡಿ ಕೆಸರನ್ನು ಗೊಬ್ಬರವೆಂದು ಹೊಲಕ್ಕೆಲ್ಲ ಹರಡಿಸಿದ್ದ. ಆಗ ಎಲ್ಲರೂ ಹಾಗೇ ಮಾಡಿದ್ದರು. ಅದರೊಳಗಿನ ವಿಷ ಕೊಳೆಯುವುದಿಲ್ಲ. ಮಣ್ಣಿನಿಂದ ಮೆಲ್ಲಗೆ ಬಾವಿಗೆ ಇಳಿಯುತ್ತದೆ.

ಗ್ಲೆಂಡಾ ನನ್ನ ಕೈ ನೋಡಿದಳು. ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು.

"ಅಯ್ಯೋ, ಏನೇ ಆರ್ಡಿತ್ ಇದು! ನಮ್ಮ ಹಸು ಕೆಚ್ಚಲೇ ವಾಸಿ ಕಣೇ." ಕೆಚ್ಚಲಿಗೆ ಹಚ್ಚುವ ಮುಲಾಮಿನ ಡಬ್ಬಿ ತಂದು ತಿಕ್ಕಿಯೇಬಿಟ್ಟಳು.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಯಾರಾದರೂ ನನ್ನ ಕೈ ಹಿಡಿದು ಎಷ್ಟು ದಿನವಾಗಿತ್ತೋ... ಸೋಪು ಹಾಕಿ ತೊಳೆದೆ, ಗ್ಲೌಸ್ ಹಾಕಿದೆ, ಎರಡು ಬಾಟಲಿ ತುಂಬಿದೆ. ಒಂದಕ್ಕೆ ಅವರ ಬಾವಿ ನೀರು. ಇನ್ನೊಂದಕ್ಕೆ ಲ್ಯಾಬಿನವರೇ ಕೊಟ್ಟ ಶುದ್ಧ ನೀರು — ನಮ್ಮ ಕೈಕೊಳೆ ಸೇರಿದರೆ ಅದರಲ್ಲಿ ಗೊತ್ತಾಗುತ್ತದೆ.

ಗ್ಲೆಂಡಾ ಮಗಳು ಜೋಸಿ ಬಾಣಂತಿ. ಮಗುವಿಗೆ ಆರು ವಾರ.

"ನಾನು ಈ ನೀರು ಕುಡೀಬಹುದಾ?"

"ರಿಸಲ್ಟ್ ಬರೋವರೆಗೂ ಬೇಡಮ್ಮ. ಕ್ಯಾನ್ ನೀರೇ ಕುಡಿ."

ಏಪ್ರಿಲ್ 12

ಗಾಡಿ ಕೆಸರಲ್ಲಿ ಹೂತಿತು. ಇಬ್ಬರು ರೈತರು ಬೈದರು, ಒಬ್ಬಳು ಅತ್ತಳು. ಬೈದವರೇ ವಾಸಿ.

ಏಪ್ರಿಲ್ 29, ಸೋಮವಾರ

ಗ್ಲೆಂಡಾ ಮನೆಯ ರಿಸಲ್ಟ್ ಬಂತು. ಶುದ್ಧ ನೀರಿನ ಬಾಟಲಿಯಲ್ಲಿ ಸೊನ್ನೆ ಇರಬೇಕಿತ್ತು. ಆರು ಇದೆ. ನನ್ನ ಕೈಯೇ, ಇನ್ನೇನು. ಥೂ, ಇಪ್ಪತ್ತು ವರ್ಷದ ಅನುಭವವಂತೆ.

ಬಾವಿ ನೀರಿನಲ್ಲಿ ಒಂಬೈನೂರ ನಲವತ್ತು. ಇಪ್ಪತ್ತು ದಾಟಿದರೆ ಕುಡಿಯುವಂತಿಲ್ಲ.

"ರದ್ದು. ಹೋಗಿ ಮತ್ತೆ ಹಿಡ್ಕೊಂಡು ಬಾ," ಎಂದ ನಮ್ಮ ಸಾಹೇಬ ವೆಂಡೆಲ್.

"ಆರೆಲ್ಲಿ, ಒಂಬೈನೂರ ನಲವತ್ತೆಲ್ಲಿ? ಬಾವಿ ಕೆಟ್ಟಿರೋದು ಕುರುಡನಿಗೂ ಕಾಣುತ್ತೆ."

"ನನಗೂ ಕಾಣುತ್ತೆ ಕಣಮ್ಮ. ಆದ್ರೆ ರದ್ದಾದ ನಂಬರ್ ಹೊರಗೆ ಹೋಗೋ ಹಾಗಿಲ್ಲ. ಡೇರಿಯೋರಿಗೆ ಗೊತ್ತಾದ್ರೆ ನಾಳೆಯಿಂದ್ಲೇ ಅವರ ಹಾಲು ಮುಟ್ಟಲ್ಲ. ಬಾಯಿ ಮುಚ್ಕೊಂಡಿರು."

ಫೋನ್ ಮಾಡಿದೆ. "ಗ್ಲೆಂಡಾ, ಟೆಸ್ಟ್ ಕೆಟ್ಟುಹೋಯ್ತು. ತಪ್ಪು ನಂದೇ. ಇನ್ನೊಂದ್ಸಲ ಬರ್ತೀನಿ."

"ಹಾಗಾದ್ರೆ ನಮ್ಮ ನೀರು ಕೆಟ್ಟಿದೆ ಅಂತ ಎಲ್ಲೂ ಬರೆದಿಲ್ಲ ತಾನೆ?"

"ಸದ್ಯಕ್ಕೆ... ಇಲ್ಲ."

"ಅಬ್ಬ! ಬದುಕಿದ್ವಿ." ಆಗಲೇ ಗಂಡ ನಾರ್ಮಂಡ್‌ನನ್ನು ಕೂಗುತ್ತಿದ್ದಳು.

ಜೋಸಿ ಕ್ಯಾನ್ ನೀರೇ ಕುಡಿಯಲಿ ಎಂದು ಒಂದು ಮಾತು ಹೇಳಬಹುದಿತ್ತು. ಅದಕ್ಕೆ ಯಾವ ರೂಲೂ ಅಡ್ಡ ಬರುತ್ತಿರಲಿಲ್ಲ. ಹೇಳಲಿಲ್ಲ. ಸುಸ್ತಾಗಿತ್ತು. ಅಲ್ಲ, ಸುಳ್ಳು — ಹೇಳಿದರೆ ಯಾಕೆ ಅಂತ ಕೇಳುತ್ತಾಳೆ, ಅದಕ್ಕೆ ಹೆದರಿದೆ.

ಮೇ 2, ಗುರುವಾರ

ಮತ್ತೆ ಹೋದೆ. ನಾರ್ಮಂಡ್ ಒಬ್ಬನೇ ಕೊಟ್ಟಿಗೆಯಲ್ಲಿದ್ದ.

"ಈ ಸಲ ಗ್ಲೆಂಡಾ ಕೈಗೆ ಸಿಗಬೇಡಿ. ಮುಲಾಮು ಬಚ್ಚಿಟ್ಟಿದೀನಿ, ಅವಳನ್ನ ಬಚ್ಚಿಡೋಕಾಗಲ್ಲ." ನಕ್ಕ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ನೋಡಿದೆ.

ಜಗಲಿಯಲ್ಲಿ ಖಾಲಿ ಕ್ಯಾನ್‌ಗಳು ಮಾತ್ರ. ತುಂಬಿದವು ಒಳಗಿರಬೇಕು ಅಂದುಕೊಂಡೆ. ಕೇಳಲಿಲ್ಲ.

ಮೇ 22

ಶುದ್ಧ ನೀರು: ಸೊನ್ನೆ. ಗ್ಲೆಂಡಾ ಬಾವಿ: ಒಂಬೈನೂರ ಎಪ್ಪತ್ತು. ನಾಳೆ ನಾನೇ ಹೋಗಿ ಹೇಳಬೇಕು.

ಮೇ 23, ಗುರುವಾರ, ಸಂಜೆ ಐದು. ಗಾಡಿಯಲ್ಲೇ ಕೂತು

ಹೇಳಿದೆ. ಗ್ಲೆಂಡಾ ಸಿಂಕಿನ ಕಡೆ ತಿರುಗಿ ನಿಂತಳು. ನಾರ್ಮಂಡ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. "ಹಸುಗಳೂ ಇದೇ ನೀರು ಕುಡಿಯೋದು..." ಅಂದ.

ಜೋಸಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಮೊದಲನೇ ಸಲ ಎಷ್ಟಿತ್ತು?"

"ಅದು ರದ್ದಾಗಿತ್ತಮ್ಮ..."

"ಎಷ್ಟಿತ್ತು ಅಂತ ಕೇಳಿದೆ."

"ಒಂಬೈನೂರ ನಲವತ್ತು."

"ಅಮ್ಮಂಗೆ ಫೋನ್ ಮಾಡಿದ ದಿನಾನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಬೆರಳು ಮಡಚಿ ಎಣಿಸಿದಳು. "ಇಪ್ಪತ್ನಾಲ್ಕು ದಿನ. ನೀರು ಕೆಟ್ಟಿಲ್ಲವಂತೆ ಅಂದ್ಲು ಅಮ್ಮ, ಅವತ್ತಿಂದ ನಲ್ಲಿ ನೀರೇ ಕುಡಿದೆ. ಹಾಲು ಚೆನ್ನಾಗಿ ಇಳೀಲಿ ಅಂತ ಬೇಕಾಗಿ ಜಾಸ್ತಿ ಜಾಸ್ತಿ ಕುಡಿದೆ."

ಬೈಯಲಿ ಅಂತ ಕಾದೆ. ಬೈಯಲಿಲ್ಲ.

ಮಗು ಅಳಲು ಶುರುಮಾಡಿತು. ಹಸಿವು. ಅಂಗಿಯ ಗುಂಡಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು.

"ಹೇಳಿ, ಆರ್ಡಿತ್. ಈಗ ಕುಡಿಸ್ಲಾ, ಬೇಡ್ವಾ?"

ಅದಕ್ಕೆ ನಮ್ಮಲ್ಲಿ ಯಾವ ನಂಬರೂ ಇಲ್ಲ. ಮಗು ಕಿರುಚುತ್ತಿತ್ತು. ಮೂರು ಜನವೂ ನನ್ನ ಬಾಯಿ ನೋಡುತ್ತಿದ್ದರು. ನಾನು "ಗೊತ್ತಿಲ್ಲಮ್ಮ" ಅಂತ ನಿಜವನ್ನೇ ಹೇಳಿ, ಫೋನ್ ತೆಗೆದು ಮಗುವಿನ ಡಾಕ್ಟರ್ ನಂಬರ್ ಕೇಳಿದೆ.